ಹೊಟ್ಟೆ ತುಂಬಿದ ದೆವ್ವ

"ಇದ್ರ ಹೊಟ್ಟೆ ತುಂಬೈತೆ ಕಣ್ಲಾ."

ಶನಿವಾರ ಮಧ್ಯಾಹ್ನ ಗ್ಯಾರೇಜಿನಲ್ಲಿ ನಿಂತು ಅವ್ವ ಹೇಳಿದ್ದು ಇಷ್ಟೇ. ಹೇಳಿ, ಮಡಚುವ ಕುರ್ಚಿ ಎಳೆದುಕೊಂಡು ಕೂತು, ಬೆಳ್ಳುಳ್ಳಿ ಬಿಡಿಸೋಕೆ ಶುರು ಮಾಡಿದಳು. ನಾನು ಬಿಸಿಗಾಳಿ ಊದೋ ಹೀಟ್ ಗನ್ ಹಿಡಿದುಕೊಂಡು ಪೆದ್ದನ ಹಾಗೆ ನಿಂತಿದ್ದೆ. ಹ್ಯಾಲೋವೀನ್ ಹಬ್ಬಕ್ಕೆ ಅಂಗಳದಲ್ಲಿ ನಿಲ್ಲಿಸೋಕೆ ಅಂತ ಮೂರು ಶನಿವಾರ, ಮೂರು ಭಾನುವಾರ ಹಾಕಿ ಮಾಡಿದ ಪ್ಲಾಸ್ಟಿಕ್ ಹೆಣ ಅದು.

"ಅವ್ವಾ, ಅದು ಅಸ್ಥಿಪಂಜರ. ಅದಕ್ಕೆ ಹೊಟ್ಟೆನೇ ಇಲ್ಲ."

"ಹೊಟ್ಟೆ ಇಲ್ದಿದ್ರೂ ತುಂಬ್ದಂಗೈತೆ. ಇದು ಯಾರ ಮನೆ ಬಾಗ್ಲಿಗೂ ಹೋಗಕ್ಕಿಲ್ಲ."

ಐದು ದಿನ ಆಯ್ತು. ಆಫೀಸಿನ ಮೀಟಿಂಗಿನಲ್ಲಿ ಅದೇ ಮಾತು, ಹಾಲು ತರೋಕೆ ಹೋದಾಗಲೂ ಅದೇ ಮಾತು. ಹ್ಯಾಲೋವೀನ್ ಅಂದರೆ ಅಕ್ಟೋಬರ್ 31, ವೇಷ ಹಾಕಿದ ಮಕ್ಕಳು ಮನೆಮನೆಗೆ ಬಂದು ಚಾಕಲೇಟು ಕೇಳೋ ದೆವ್ವಗಳ ಹಬ್ಬ. ಅದಕ್ಕಾಗಿ ನಾಲ್ಕು ವರ್ಷದಿಂದ ಈ ಕೆಲಸ ಮಾಡ್ತಿದ್ದೀನಿ. 'ವಾವ್' ಅಂದವರಿದ್ದಾರೆ, 'ಥೂ' ಅಂದವರಿದ್ದಾರೆ. ಕೈಕೆಲಸದ ತಪ್ಪು ತೋರಿಸಿದವರು ಯಾರೂ ಇರಲಿಲ್ಲ. ತಿಪಟೂರಿನ ಕಡೆಯಿಂದ ಮೊದಲ ಸಲ ವಿಮಾನ ಹತ್ತಿ ಅಮೆರಿಕಕ್ಕೆ ಬಂದ ಅವ್ವ, ಮೂರೇ ವಾರದಲ್ಲಿ ತೋರಿಸಿಬಿಟ್ಟಳು.

ಜೂನ್ ತಿಂಗಳಲ್ಲಿ ಯಾರಾದರೂ ಹೆಣ ಮಾಡ್ತಾರಾ ಅಂತ ಇಲ್ಲಿನ ಕನ್ನಡದವರು ಕೇಳ್ತಾರೆ. ಜೂನ್‌ನಲ್ಲೇ ಮಾಡಬೇಕು. ಒಹಾಯೊದ ಚಳಿಗಾಲದಲ್ಲಿ ಗ್ಯಾರೇಜು ಫ್ರಿಜ್ಜಿಗಿಂತ ತಣ್ಣಗಿರುತ್ತೆ. 10 ಡಿಗ್ರಿಗಿಂತ ಕೆಳಗೆ ಲೇಟೆಕ್ಸ್ ಪೇಂಟ್, ಅಂದರೆ ನೀರು ಬೆರೆಸೋ ಗೋಡೆ ಬಣ್ಣ, ಸರಿಯಾಗಿ ಹಿಡಿಯೋದಿಲ್ಲ. ಹಾಗಾಗಿ ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಬೇಸ್‌ಮೆಂಟಿನಲ್ಲಿ ವೈರು, ಮೋಟಾರು. ಗುಜರಿಯಿಂದ ತಂದ ಕಾರಿನ ವೈಪರ್ ಮೋಟಾರು 12 ವೋಲ್ಟಿನದು. ಅದನ್ನು ಹಳೇ ಕಂಪ್ಯೂಟರಿನ ಪವರ್ ಸಪ್ಲೈಯಿಂದ 5 ವೋಲ್ಟಿಗೆ ಓಡಿಸಿದರೆ ನಿಧಾನಕ್ಕೆ ತಿರುಗುತ್ತೆ. ಅದಕ್ಕೆ ದಾರ ಕಟ್ಟಿ, ದಾರಕ್ಕೆ ಬಿಳಿ ಬಟ್ಟೆ ಕಟ್ಟಿದರೆ ದೆವ್ವ ತೇಲುತ್ತೆ. ಏಪ್ರಿಲ್, ಮೇನಲ್ಲಿ ಗೋರಿಕಲ್ಲು. ಗೋಡೆಯೊಳಗೆ ಹಾಕುವ ಎರಡಿಂಚಿನ ಗುಲಾಬಿ ಫೋಮ್ ಹಲಗೆಯಲ್ಲಿ ಕೆತ್ತೋದು. ಮೊದಲ ವರ್ಷ ಸೀದಾ ಸ್ಪ್ರೇ ಪೇಂಟ್ ಹೊಡೆದೆ, ಎರಡು ಗೋರಿ ಕಣ್ಣೆದುರೇ ಕರಗಿ ಹೋದವು. ಮೊದಲು ಲೇಟೆಕ್ಸ್ ಬಳಿಯಬೇಕು ಅಂತ ಆಮೇಲೆ ಗೊತ್ತಾಯ್ತು. ಈ ಮೇನಲ್ಲಿ ಗೋರಿಗಳನ್ನು ಹುಲ್ಲಿನ ಮೇಲೆ ಒಣಗೋಕೆ ಇಟ್ಟಿದ್ದಕ್ಕೆ ನಮ್ಮ ಬಡಾವಣೆಯ ಸಂಘದಿಂದ ಒಂದು ಪತ್ರ ಬಂತು. ತುಂಬಾ ಮರ್ಯಾದೆಯ ಪತ್ರ. ಗೋರಿ ಅನ್ನೋ ಪದವನ್ನೇ ಬಳಸಿರಲಿಲ್ಲ, 'ವಸ್ತುಗಳು' ಅಂದಿದ್ದರು.

ಇನ್ನು ನಮ್ಮಂಥ ದೆವ್ವ ಮಾಡೋರ ಯುಗಾದಿ ಯಾವಾಗ ಅಂದರೆ ಹ್ಯಾಲೋವೀನ್ ಮುಗಿದ ಮರುದಿನ, ನವೆಂಬರ್ 1. ಕನ್ನಡಿಗರಿಗೆಲ್ಲ ಅವತ್ತು ರಾಜ್ಯೋತ್ಸವ. ನನಗೆ ಅರ್ಧ ಬೆಲೆಯ ಅಸ್ಥಿಪಂಜರ. ಬೆಳಗ್ಗೆ ಏಳಕ್ಕೇ ಅಂಗಡಿ ಮುಂದೆ ನಿಂತಿರ್ತೀನಿ.

ಅವ್ವ ನೋಡಿದ್ದು ಹಾಗೆ ತಂದ ಐದಡಿಯ ಪ್ಲಾಸ್ಟಿಕ್ ಪಂಜರವನ್ನೇ. ಪೇಂಟ್ ಮಾಡುವಾಗ ನೆಲಕ್ಕೆ ಹಾಸ್ತಾರಲ್ಲ, ತೀರಾ ತೆಳುವಾದ ಪ್ಲಾಸ್ಟಿಕ್ ಹಾಳೆ, ಅದನ್ನು ಮೈಗೆ ಸುತ್ತಿ ಹೀಟ್ ಗನ್ ಹಿಡೀಬೇಕು. ಬಿಸಿ ತಾಗಿದ ಕೂಡಲೇ ಹಾಳೆ ಕೆಂಡದ ಮೇಲಿನ ಹಪ್ಪಳದ ಹಾಗೆ ಮುದುರುತ್ತೆ. ಎಲುಬಿಗೆ ಅಂಟಿಕೊಳ್ಳುತ್ತೆ, ಅಲ್ಲಲ್ಲಿ ತೂತು ಬೀಳುತ್ತೆ. ಪಕ್ಕೆಲುಬಿನ ಮಧ್ಯೆ ಜಾಳುಜಾಳಾಗಿ ಜೋತು ಬೀಳುತ್ತೆ. ಆಮೇಲೆ ಮರಕ್ಕೆ ಹಚ್ಚುವ ಕಡು ಕಂದು ಸ್ಟೇನ್ ಬಳಿದು ಬಟ್ಟೆಯಲ್ಲಿ ಒರೆಸಿದರೆ, ಉಬ್ಬಿದ ಕಡೆ ತಿಳಿಯಾಗಿ, ಸುಕ್ಕಿನೊಳಗೆ ಕಪ್ಪಾಗಿ ಉಳಿಯುತ್ತೆ. ನೂರು ವರ್ಷ ಮಣ್ಣಲ್ಲಿದ್ದ ಚರ್ಮ! ವಾಸನೆ ಮಾತ್ರ ವಿಪರೀತ, ಶಟರ್ ಪೂರ್ತಿ ತೆಗೆದಿಟ್ಟೇ ಮಾಡಬೇಕು. ಹಾಗಾಗಿ ಬೀದಿಯವರೆಲ್ಲ ನೋಡ್ತಾರೆ.

ಎದುರು ಮನೆಯವನೂ ನೋಡ್ತಾನೆ. ಒಳ್ಳೆಯ ಮನುಷ್ಯ, ಹಿಮ ಬಿದ್ದಾಗ ನಮ್ಮ ದಾರಿಯನ್ನೂ ಕೆರೆದು ಕೊಡ್ತಾನೆ. ಆದರೆ ಅವನ ಅಂಗಳದಲ್ಲಿ ಆ 12 ಅಡಿಯ ಪಂಜರ ಇದೆ. ಹೋಮ್ ಡಿಪೋ ಅನ್ನೋ ಅಂಗಡಿಯವರು 2020ರಲ್ಲಿ 299 ಡಾಲರಿಗೆ ಮಾರೋಕೆ ಶುರು ಮಾಡಿದ್ದು, ಜನ ಮುಗಿಬಿದ್ದು ಕೊಂಡಿದ್ದು. ಇವನು ಅದನ್ನು ಇಳಿಸೋದೇ ಇಲ್ಲ. ಕ್ರಿಸ್‌ಮಸ್ಸಿಗೆ ಕೆಂಪು ಟೋಪಿ, ಈಸ್ಟರಿಗೆ ಮೊಲದ ಕಿವಿ, ಜುಲೈ 4ರ ಇಲ್ಲಿನ ಸ್ವಾತಂತ್ರ್ಯ ದಿನಕ್ಕೆ ಬಾವುಟ. ಅವ್ವ ಬಂದ ಮೊದಲ ದಿನವೇ ಅದನ್ನು ನೋಡಿ, "ಗಾರುಡಿ ಗೊಂಬೆ ಇದ್ದಂಗೈತೆ, ಒಳಗೆ ಯಾರವ್ರೆ?" ಅಂದಿದ್ದಳು. ಯಾರೂ ಇಲ್ಲ ಅಂದೆ. "ಮತ್ತೆ ಕುಣಿಸೋರ್ಯಾರು?" ಅಂದಳು. ದುಡ್ಡು ಕೊಟ್ಟು ತಂದದ್ದನ್ನು ತಾನೇ ಹೆತ್ತ ಹಾಗೆ ಮಾತಾಡುವ ಅವನ ಬಗ್ಗೆ ನನಗೆ ಸ್ವಲ್ಪ ಹೊಟ್ಟೆಕಿಚ್ಚಿದೆ, ಒಪ್ಪಿಕೊಳ್ತೀನಿ. ಮಕ್ಕಳೆಲ್ಲ ಮೊದಲು ಓಡೋದು ಅಲ್ಲಿಗೇ.

ನಮ್ಮವರಂತೂ ಕೇಳೋದು ಒಂದೇ: "ಇದರಿಂದ ಏನು ಬರುತ್ತೆ?" ಗಂಟಲವರೆಗೆ ಗಾಲ್ಫಿನಲ್ಲಿ ಮುಳುಗಿದವರು ಇದನ್ನು ಕೇಳ್ತಾರೆ! ಒಬ್ಬರು ಮೇಡಂ ಮನೆಯಲ್ಲಿ ಇಂಥದ್ದೆಲ್ಲ ಇದ್ದರೆ ನೆಗೆಟಿವ್ ಎನರ್ಜಿ ಅಂದರು. ಊರಲ್ಲಿ ಕಟ್ಟುತ್ತಿರೋ ಪ್ರತಿ ಮನೆಗೂ ಕೋರೆಹಲ್ಲಿನ ದೃಷ್ಟಿಗೊಂಬೆ ನೇತುಹಾಕಿರ್ತಾರಲ್ಲ ಮೇಡಂ, ಅದು ಯಾವ ಎನರ್ಜಿ ಅಂತ ಕೇಳಬೇಕು ಅನ್ನಿಸಿತು. ಅವರ ಮನೆಯ ಒಬ್ಬಟ್ಟು ಬಾಯಲ್ಲಿತ್ತು, ಕೇಳಲಿಲ್ಲ.

ಇವರೆಲ್ಲರ ಮಾತಿಗೆ ಉತ್ತರ ಇತ್ತು ನನ್ನ ಹತ್ತಿರ. ಅವ್ವನ ಮಾತಿಗೆ ಇರಲಿಲ್ಲ.

ಭಾನುವಾರ, ಸೋಮವಾರ ಅದರ ಮುಂದೆ ನಿಂತು ನಿಂತು ನೋಡಿದೆ. ಕೈಗಳೆರಡನ್ನೂ ಮುಂದಕ್ಕೆ ಚಾಚಿಸಿದ್ದೆ, ಬೆರಳುಗಳನ್ನು ಪಂಜದ ಹಾಗೆ ಬಿಡಿಸಿದ್ದೆ. ಬಾಯಿ ಅಷ್ಟಗಲ. ತಲೆ ನೆಟ್ಟಗೆ, ಎದುರು ನಿಂತವರನ್ನೇ ದುರುಗುಟ್ಟಿ ನೋಡೋ ಹಾಗೆ. ಹೆದರಿಸೋಕೆ ಇನ್ನೇನು ಬೇಕು? ಆದರೆ ಅವ್ವ ಹೇಳಿದ ಮೇಲೆ ನೋಡಿದರೆ, ಚುನಾವಣೆಯಲ್ಲಿ ಭಾಷಣ ಮಾಡೋನ ಹಾಗೆ ಕಾಣುತ್ತಿತ್ತು. ಹೊಟ್ಟೆ ತುಂಬಿದವನೇ ಸರಿ.

ಮಂಗಳವಾರ ರಾತ್ರಿ ಕೇಳಿಯೇ ಬಿಟ್ಟೆ. "ಅವ್ವಾ, ಏನು ತಪ್ಪಾಗಿದೆ ಹೇಳು."

ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ, "ಬರ ಬಿದ್ದ ವರ್ಷ ಒಬ್ಬ ಬಂದಿದ್ದ" ಅಂದಳು. 1960ರ ದಶಕದ ನಡುವಿನ ಬರ ಇರಬೇಕು, ಅವಳಿಗೆ ಆಗ ಏಳೋ ಎಂಟೋ. "ಬೇಡೋನು ಕೈ ಚಾಚ್ತಾನೆ. ಹಸ್ದೋನು ಚಾಚಕ್ಕಿಲ್ಲ. ಎತ್ತಾಕೆ ತ್ರಾಣ ಎಲ್ಲಿರ್ತೈತೆ? ಹಿಂಗೆ ಇಟ್ಕಂಡಿರ್ತಾನೆ." ಬಲಗೈಯನ್ನು ಹೊಟ್ಟೆಗೆ ತಾಗಿಸಿ, ಅಂಗೈ ಮೇಲೆ ಮಾಡಿ ತೋರಿಸಿದಳು. ಏನೋ ಬಿದ್ದುಹೋಗುತ್ತೆ ಅಂತ ಹಿಡಿದುಕೊಂಡ ಹಾಗಿತ್ತು. "ನಿನ್ ಮಕ ನೋಡಕ್ಕಿಲ್ಲ. ನಿನ್ನ ದಾಟಿ ಒಳಗೆ ಒಲೆ ನೋಡ್ತಿರ್ತಾನೆ."

"ಏನು ಕೊಟ್ರಿ ಅವನಿಗೆ?"

"ಏನಿತ್ತು ಕೊಡಾಕೆ? ನಮ್ಮಪ್ಪ ಬಾಗ್ಲು ಹಾಕ್ದ."

ಅಷ್ಟೇ. ಟಿವಿ ಹಾಕು ಅಂದಳು. ಹಾಕಿದೆ.

ಅವತ್ತಿನಿಂದ ತಲೆಯಲ್ಲಿ ಬಾಗಿಲುಗಳೇ ತುಂಬಿವೆ. ನಾನು ಚಿಕ್ಕವನಿದ್ದಾಗ, 1990ರ ದಶಕದಲ್ಲಿ, ನಮ್ಮೂರಿನ ಬಾಗಿಲುಗಳ ಮೇಲೆಲ್ಲ ಸುಣ್ಣದಲ್ಲಿ 'ನಾಳೆ ಬಾ' ಅಂತ ಬರೆದಿದ್ದರು. ರಾತ್ರಿ ಮನೆಯವರ ದನಿಯಲ್ಲೇ ಕರೆಯುವ ದೆವ್ವಕ್ಕೆ. ಸಾಲ ಕೇಳೋಕೆ ಬಂದವನನ್ನು ಸಾಗಹಾಕುವ ಹಾಗೆ. ಆ ದೆವ್ವಕ್ಕೆ ಏನು ಬೇಕಿತ್ತು ಅಂತ ಯಾರೂ ಕೇಳಿದ್ದು ನೆನಪಿಲ್ಲ. ಇನ್ನು ಹಿರಿಯರ ಹಬ್ಬದಲ್ಲಿ ಎಡೆ ಇಟ್ಟು, ಬಾಗಿಲು ಮುಂದೆ ಮಾಡಿಕೊಂಡು ಎಲ್ಲರೂ ಜಗಲಿಯ ಮೇಲೆ ಕೂರುತ್ತಿದ್ದೆವು. ತಾತನಿಗೆ ಇಷ್ಟ ಅಂತ ಕೋಳಿ ಸಾರು, ಒಂದು ಕಟ್ಟು ಬೀಡಿ. ಅವರು ಬಂದು ತಿಂದು ಹೋಗಲಿ ಅಂತ. ಬಾಗಿಲು ಹಾಕಿದ ಅದೇ ತಾತನಿಗೆ, ನಾವು ವರ್ಷಾ ವರ್ಷಾ ಎಡೆ ಇಟ್ಟು ಬಾಗಿಲು ಮುಚ್ಚುತ್ತಿದ್ದೆವು. ಅವ್ವ ಆಗೆಲ್ಲ ಏನು ಯೋಚಿಸುತ್ತಿದ್ದಳೋ.

ಇಲ್ಲಿನ ಹಬ್ಬದ್ದೂ ಹಳೇ ಕಥೆ ಅದೇ ಅಲ್ವಾ? ಇಂಗ್ಲೆಂಡಿನಲ್ಲಿ ಬಡವರು ಸತ್ತವರ ಹಬ್ಬಕ್ಕೆ ಮನೆಮನೆಗೆ ಹೋಗಿ ಪುಟ್ಟ ರೊಟ್ಟಿಯಂಥ ಕೇಕು ಕೇಳುತ್ತಿದ್ದರು, ಬದಲಿಗೆ ಆ ಮನೆಯ ಸತ್ತವರಿಗಾಗಿ ಪ್ರಾರ್ಥನೆ. ಐರ್ಲೆಂಡಿನಲ್ಲಿ ಕೆತ್ತುತ್ತಿದ್ದದ್ದು ಕುಂಬಳಕಾಯಿ ಅಲ್ಲ, ಟರ್ನಿಪ್ ಗೆಡ್ಡೆ. ಡೊನೆಗಾಲ್ ಕಡೆಯ ಅಂಥದ್ದೊಂದರ ಪ್ಲಾಸ್ಟರ್ ಅಚ್ಚು ಅಲ್ಲಿನ ರಾಷ್ಟ್ರೀಯ ಮ್ಯೂಸಿಯಂನಲ್ಲಿದೆ. ಅದರ ಫೋಟೋ ಎರಡು ವರ್ಷದಿಂದ ನನ್ನ ಗ್ಯಾರೇಜಿನ ಗೋಡೆಯ ಮೇಲಿದೆ. ಪುಟ್ಟ ಗುಳಿಬಿದ್ದ ಕಣ್ಣು, ಬತ್ತಿದ ಕೆನ್ನೆ, ಮುರುಕು ಹಲ್ಲು. ಅದನ್ನು ನೋಡಿದರೆ ಈಗಲೂ ಮೈ ಜುಮ್ ಅನ್ನುತ್ತೆ. ಯಾಕೆ ಅಂತ ಗೊತ್ತಿರಲಿಲ್ಲ. ಐರಿಶ್ ಮತ್ತು ಸ್ಕಾಟಿಷ್ ವಲಸಿಗರು ಈ ಹಬ್ಬವನ್ನು ಅಮೆರಿಕಕ್ಕೆ ತಂದರು, ಇಲ್ಲಿ ಅವರಿಗೆ ಕುಂಬಳಕಾಯಿ ಸಿಕ್ಕಿತು. ದೊಡ್ಡದು, ಮೆತ್ತಗೆ, ಕೆತ್ತೋಕೆ ಸುಲಭ. ಅದರ ಮುಖ ಯಾವಾಗಲೂ ನಗುತ್ತೆ. ಅದಕ್ಕೂ ಹೊಟ್ಟೆ ತುಂಬಿದೆ.

ಬುಧವಾರ ಸಂಜೆ ಪಂಜರವನ್ನು ಬಿಚ್ಚಿದೆ. ಬಲ ಮೊಣಕೈಗೆ ಬಿಸಿ ಹಿಡಿದು ಮಡಚಿ, ಮುಂಗೈಯನ್ನು ಬೆನ್ನುಮೂಳೆಯ ಮುಂದಕ್ಕೆ ತಂದು ಸ್ಕ್ರೂ ಹಾಕಿದೆ. ಬೆರಳು ಬಿಡಿಸಿದ್ದನ್ನು ಅರ್ಧ ಮುಚ್ಚಿದೆ. ಬಾಯಿ ಕಡಿಮೆ ಮಾಡಿದೆ, ಒಂದು ಬೆರಳು ಹೋಗುವಷ್ಟು. ಕಷ್ಟ ಆಗಿದ್ದು ಕತ್ತು. ಸ್ವಲ್ಪ ಎಡಕ್ಕೆ ವಾಲಿಸಿದರೆ ಮುದ್ದಾಗಿ ಕಾಣುತ್ತೆ, ಕೆಳಗೆ ಮಾಡಿದರೆ ಪಾಪ ಅನ್ನಿಸುತ್ತೆ. ಎದುರಿಗೆ ನಿಂತು, ನನ್ನ ಕಿವಿಯ ಪಕ್ಕದಿಂದ ಹಿಂದಕ್ಕೆ ಅದರ ನೋಟ ಹೋಗುವವರೆಗೆ ತಿರುಗಿಸಿದೆ. ನಾಲ್ಕು ಡಿಗ್ರಿಯೋ ಐದು ಡಿಗ್ರಿಯೋ, ಅಷ್ಟೇ ವ್ಯತ್ಯಾಸ.

ಹತ್ತು ಗಂಟೆಗೆ ನನ್ನ ಹೆಂಡತಿ ಡ್ರೈಯರಿನಿಂದ ಬಟ್ಟೆ ತೆಗೆಯೋಕೆ ಬಂದಳು. ನಾಲ್ಕು ವರ್ಷದಲ್ಲಿ ಅವಳು ಇವನ್ನೆಲ್ಲ ಎಷ್ಟು ನೋಡಿದ್ದಾಳೆ ಅಂದರೆ, ಒಂದು ಹೆಣದ ಕೈಗೆ ಬಟ್ಟೆ ಚೀಲ ನೇತುಹಾಕಿ ಹೋಗ್ತಾಳೆ. ಇದರ ಮುಂದೆ ನಿಂತಳು. ಕಿರುಚಲಿಲ್ಲ. ತಿರುಗಿ ತನ್ನ ಹಿಂದೆ ನೋಡಿದಳು. ಅಲ್ಲಿ ಅಡುಗೆಮನೆಗೆ ಹೋಗುವ ಬಾಗಿಲು ತೆರೆದಿತ್ತು.

"ಏನ್ರೀ ನೋಡ್ತಿದೆ ಇದು?" ಅಂದಳು. ಬಟ್ಟೆ ಅಲ್ಲೇ ಬಿಟ್ಟು ಹೋದಳು.

ಖುಷಿಯಾಗಬೇಕಿತ್ತು. ಆಯ್ತು ಕೂಡ, ಸುಳ್ಳು ಯಾಕೆ ಹೇಳಲಿ, ನೆಲದ ಮೇಲೆ ಕೂತು ಒಬ್ಬನೇ ನಕ್ಕೆ. ಆಮೇಲೆ ನಿದ್ದೆ ಬರಲಿಲ್ಲ. ಹೆಸರು ಗೊತ್ತಿಲ್ಲದ ಒಬ್ಬ ಮನುಷ್ಯ, ತಿಪಟೂರಿನ ಹತ್ತಿರದ ಹಳ್ಳಿಯ ಒಂದು ಬಾಗಿಲಿಂದ ವಾಪಸ್ ಹೋದವನು, ಈಗ ಒಹಾಯೊದ ಕೊಲಂಬಸ್ ನಗರದ ಹತ್ತಿರದ ಒಂದು ಗ್ಯಾರೇಜಿನಲ್ಲಿ ಪ್ಲಾಸ್ಟಿಕ್ಕಿನಲ್ಲಿ ನಿಂತಿದ್ದಾನೆ. ಅಕ್ಟೋಬರ್‌ನಲ್ಲಿ ಅವನನ್ನು ಹೊರಗೆ ನಿಲ್ಲಿಸಿ ಹಸಿರು ದೀಪ ಬಿಡ್ತೀನಾ? ದಿಂಬಿನ ಕವರ್ ತುಂಬಾ ಚಾಕಲೇಟು ಹೊತ್ತ ಮಕ್ಕಳು ಅವನ ಜೊತೆ ಸೆಲ್ಫಿ ತೆಗೆದುಕೊಳ್ತಾರಾ? ಅವ್ವನನ್ನು ಕೇಳೋಕೆ ಧೈರ್ಯ ಇಲ್ಲ. ಕೇಳಿದರೆ ಅವಳು ನಗಬಹುದು, ಅದೂ ಗೊತ್ತು. ಹೀಗೆ ಒದ್ದಾಡೋದು ನನ್ನಂಥ ಉಂಡು ತೇಗಿದವರ ಖಯಾಲಿ ಅಂತಲೂ ಅನ್ನಿಸುತ್ತೆ.

ಇವತ್ತು ಬೆಳಗ್ಗೆ ಅವಳೇ ಕಾಫಿ ಹಿಡಿದುಕೊಂಡು ಗ್ಯಾರೇಜಿಗೆ ಬಂದಳು. ಒಂದು ಸುತ್ತು ಹಾಕಿ ನೋಡಿದಳು. ಕೈ ನೋಡಿದಳು, ಕತ್ತು ನೋಡಿದಳು. "ಹೂಂ" ಅಂದಳು. ಅಷ್ಟಕ್ಕೇ ನನಗೆ ಪ್ರಶಸ್ತಿ ಬಂದ ಹಾಗಾಯ್ತು.

"ಅವತ್ತು ಎಷ್ಟ್ ಮಕ್ಳು ಬತ್ತವೆ?"

"ನೂರೈವತ್ತರ ಮೇಲೆ. ಸಂಜೆ ಆರರಿಂದ ಎಂಟು."

"ತಂಬಿಟ್ಟು ಮಾಡಾನ ಬಿಡು. ಅಷ್ಟಕ್ಕೂ ಮಾಡ್ತೀನಿ."

ಮನೆಯಲ್ಲಿ ಮಾಡಿದ್ದು ಕೊಟ್ಟರೆ ಇಲ್ಲಿ ಯಾರೂ ತಿನ್ನಲ್ಲ ಅವ್ವ, ಅಂಗಡಿಯ ಪ್ಯಾಕೆಟ್ಟೇ ಆಗಬೇಕು, ಏನು ಬೆರೆಸಿದ್ದಾರೋ ಅಂತ ಅಪ್ಪ ಅಮ್ಮ ಎಸೆದುಬಿಡ್ತಾರೆ ಅಂದೆ. ಅವಳಿಗೆ ನಂಬಿಕೆಯೇ ಬರಲಿಲ್ಲ. "ಹೆಣ ಮನೇಲಿ ಮಾಡಿದ್ದು ಆಯ್ತೈತೆ, ತಂಬಿಟ್ಟು ಆಗಕ್ಕಿಲ್ವಾ?"

ಕಾಫಿ ಮುಗಿಸಿ ಹೊರಟವಳು ನಿಂತು, ಅದರ ಪಾದ ತೋರಿಸಿದಳು. "ಕಾಲು ಯಾಕ್ಲಾ ಮುಂದಕ್ಕೈತೆ?"

ದೆವ್ವದ ಕಾಲು ಹಿಂದುಮುಂದಾಗಿರುತ್ತೆ ಅಂತ ನನಗೆ ಹೇಳಿಕೊಟ್ಟವಳೇ ಅವಳು. ಇಲ್ಲಿನವರಿಗೆ ಅದು ಅರ್ಥ ಆಗಲ್ಲ, ಉಲ್ಟಾ ಫಿಟ್ ಮಾಡಿದ್ದಾನೆ ಅಂದುಕೊಳ್ತಾರೆ ಅಂದೆ.

"ಅನ್ಕಳ್ಳಿ ಬಿಡು" ಅಂದಳು.

ಲಾಗಿನ್ ಆಗೋಕೆ ಇನ್ನೂ ಇಪ್ಪತ್ತು ನಿಮಿಷ ಇತ್ತು. ಬಲಗಾಲು ಸಲೀಸಾಗಿ ತಿರುಗಿತು. ಎಡಗಾಲಿನ ಸ್ಕ್ರೂ ಮೇಲೆ ಪ್ಲಾಸ್ಟಿಕ್ ಕರಗಿ ಕೂತಿದೆ, ಶನಿವಾರ ಕೆರೆದು ತೆಗೀಬೇಕು. ಅಲ್ಲಿವರೆಗೆ ಒಂದು ಕಾಲು ಬರ್ತಿದೆ, ಒಂದು ಕಾಲು ಹೋಗ್ತಿದೆ.