ಬಿಸಲಲ್ರಿ ಅದು, ತಲಿಗಿ ಪೆಟ್ಟು

ನಮ್ ಕಲಬುರಗಿಯಾಗ ಆಟ ಆಡೋ ಹುಡ್ಗ ಚಕ್ಕರ್ ಬಂದು ಕುಂತ್ರ ಎಲ್ಲಾರೂ ಬಿಸಲಿನ ಮ್ಯಾಲೇ ಹಾಕ್ತಾರ, ಮಾರಿಗಿ ನೀರು ಹೊಡದು ಮತ್ತ ಆಟಕ್ಕ ಕಳಸ್ತಾರ. ನಿನ್ನಿ ಓಣಿ ಕಬಡ್ಡಿಯಾಗ ಒಬ್ಬನ ತಲಿಗಿ ಇನ್ನೊಬ್ಬನ ಮೊಣಕಾಲು ಬಡೀತು, ಎಚ್ಚರ ಏನ್ ತಪ್ಪಿಲ್ಲ, ಆದ್ರ "ಕಾಕಾ, ಸ್ಕೋರ್ ಎಷ್ಟಾತು" ಅಂತ ಕೇಳಿದ್ದೇ ಕೇಳ್ಲಿಕತ್ತಿದ್ದ. ಕನ್‌ಕಶನ್, ಅಂದ್ರ ತಲಿಗಿ ಪೆಟ್ಟು ಬಿದ್ದು ಮಿದುಳಿಗಿ ಆಗೋ ಧಕ್ಕಿ, ಹಿಂಗೇ ನೋಡ್ರಿ, ಗಾಯ ಕಾಣಲ್ಲ, ಬಹಳ ಸಲ ಸ್ಕ್ಯಾನ್‌ನಾಗೂ ಏನೂ ಕಾಣಲ್ಲ. ಪೆಟ್ಟಾದವನ ಅವತ್ತಿನ ಆಟ ಅಲ್ಲಿಗೇ ಬಂದ್, ವಾಂತಿ ಮ್ಯಾಲ ವಾಂತಿ ಆದ್ರ, ತಲಿನೋವು ಏರಕೋತ ಹೋದ್ರ, ಎಬ್ಬಿಸಿದ್ರೂ ಏಳಲಾರ್ದಂಗ ಮಂಪರು ಬಂದ್ರ ಸೀದಾ ದವಾಖಾನಿಗಿ. ಇಂಟರ್‌ನ್ಯಾಷನಲ್ ಕ್ರಿಕೆಟ್‌ದಾಗ 2019ರಿಂದ ತಲಿಗಿ ಪೆಟ್ಟಾದವನ ಬದ್ಲಿ ಇನ್ನೊಬ್ಬನ್ನ ಬ್ಯಾಟಿಂಗಿಗೂ ಇಳಸ್ತಾರ, ನಮ್ ಕಡಿ "ಗಂಡಸ್ಮಗ ಅದಿ, ಏಳಲೇ" ಅನ್ನೋ ದೊಡ್ಡೋರೇ ಜಾಸ್ತಿ. ಆ ಹುಡ್ಗನ ಅವ್ವ ಬಂದು ಅವನ್ನ ಕರ್ಕೊಂಡು ಹೋದ್ಳು, ಟೀಮ್‌ನಾಗ ಒಬ್ಬ ಕಡಿಮಿ ಬಿದ್ದ, ಸೋತ್ರು. ಸೋಲ್ಲಿ ಬಿಡ್ರಿ.