ಪುಣೆಯ ಚಳಿ ಮತ್ತು ಕಾರಿನ ಗಾಳಿ

ನಿನ್ನೆ ಮಧ್ಯಾಹ್ನ ಕೋಥ್ರೂಡಿನಲ್ಲಿ ಕಾರಿನ ಟೈರುಗಳಿಗೆ 33 ಪಿಎಸ್‌ಐ (ಒತ್ತಡದ ಅಳತೆ) ಗಾಳಿ ಹಾಕಿಸಿದ್ದೆ. ಒಳ್ಳೆ ಬಿಸಿಲು, 30 ಡಿಗ್ರಿ. ಇವತ್ತು ಬೆಳಗ್ಗೆ ಆರಕ್ಕೆ ಶಾಲು ಹೊದ್ದು ಗೇಜ್ ಹಿಡಿದು ನೋಡಿದರೆ ನಾಲ್ಕೂ ಚಕ್ರದಲ್ಲಿ 30! ಗಾಳಿ ಹಾಕಿದವನಿಗೆ ಮನಸ್ಸಲ್ಲೇ ಒಂದಿಷ್ಟು ಬೈದೆ. ಪಾಪ, ಅವನ ತಪ್ಪೇನೂ ಇರಲಿಲ್ಲ.

ಹನ್ನೊಂದನೇ ಕ್ಲಾಸಿನ ಮಗಳು ಹಲ್ಲುಜ್ಜುತ್ತಲೇ ಬಂದಳು. "ಅಪ್ಪಾ, ಈಗ 10 ಡಿಗ್ರಿ ಇದೆ. 30 ಇದ್ದದ್ದು 10 ಆಯ್ತು ಅಂತ ಲೆಕ್ಕ ಹಾಕಿದ್ರೆ ಟೈರು ಚಪ್ಪಟೆ ಆಗ್ಬೇಕಿತ್ತು. 303 ಇದ್ದದ್ದು 283 ಆಯ್ತು ಅನ್ಬೇಕು." ಅಂದರೆ ಕೆಲ್ವಿನ್ ಅಳತೆ, ನಮ್ಮ ಡಿಗ್ರಿಗೆ 273 ಕೂಡಿಸಿದ್ದು; ಗಾಳಿಯ ಒತ್ತಡ ಇಳಿಯೋದು ಈ ಲೆಕ್ಕದಲ್ಲೇ. ಗೇಜು ತೋರಿಸೋದು ಹೊರಗಿನ ಗಾಳಿಗಿಂತ ಎಷ್ಟು ಜಾಸ್ತಿ ಅನ್ನೋದನ್ನು ಮಾತ್ರ. ಪುಣೆಯ ಎತ್ತರದಲ್ಲಿ ಹೊರಗಿನದ್ದೇ ಸುಮಾರು 14. ಸೇರಿಸಿದರೆ 47. ಅದನ್ನು 283ರಿಂದ ಗುಣಿಸಿ 303ರಿಂದ ಭಾಗಿಸಿದರೆ 44ರ ಹತ್ತಿರ. 14 ಕಳೆದರೆ 30. ಸರಿಯಾಗಿ ಕೂತಿತು!

ನಾವು ಓದುವಾಗ ಈ 273 ಸುಮ್ನೆ ಕೂಡಿಸೋ ಸಂಖ್ಯೆ ಆಗಿತ್ತು, ಅಲ್ವಾ? ಗಾಳಿಯನ್ನು ತಣಿಸುತ್ತಾ ಹೋದರೆ ಒತ್ತಡವೇ ಇಲ್ಲದ ಒಂದು ತಳ ಬರಬೇಕು ಅನ್ನೋ ಯೋಚನೆ ಫ್ರಾನ್ಸಿನ ವಿಜ್ಞಾನಿ ಅಮೊಂಟೊನ್ಸ್‌ಗೆ 18ನೇ ಶತಮಾನದ ಶುರುವಿನಲ್ಲೇ ಹೊಳೆದಿತ್ತು. ಬ್ರಿಟನ್ನಿನ ವಿಜ್ಞಾನಿ ಕೆಲ್ವಿನ್ ತಮ್ಮ ಅಳತೆ ಮುಂದಿಟ್ಟದ್ದು 1848ರಲ್ಲಿ. ಹೆಸರು ಮಾತ್ರ ಕೆಲ್ವಿನ್ ಅವರದ್ದೇ ಉಳಿಯಿತು. ಆ ತಳ ಮೈನಸ್ 273.15. ನಿಜವಾದ ಗಾಳಿ ಅಲ್ಲಿವರೆಗೆ ಗಾಳಿಯಾಗಿ ಹೋಗೋದಿಲ್ಲ, ಮೈನಸ್ 196ರ ಹೊತ್ತಿಗೆ ಗಾಳಿಯಲ್ಲಿರೋ ಸಾರಜನಕವೂ ದ್ರವವಾಗಿಬಿಡುತ್ತದೆ.

ಮೈನಸ್ 196 ಅಂತೆ. ನನಗೆ 10ಕ್ಕೇ ಎರಡನೇ ಚಹಾ ಬೇಕಾಯಿತು.