ಮಾರ್ಜಿನ್ ಎಷ್ಟು ಬಿಟ್ಟದ್ದು?

"ಮಾರ್ಜಿನ್ ಎಷ್ಟು ಬಿಟ್ಟದ್ದು ಡಾಕ್ಟ್ರೇ?"

ಸೋಮವಾರ ಮಂಗಳೂರಿನ ಆಸ್ಪತ್ರೆಯಲ್ಲಿ ಚಿಕ್ಕಮ್ಮ ಕೇಳಿದ ಈ ಮಾತು ಇನ್ನೂ ಕಿವಿಯಲ್ಲೇ ಇದೆ. ಅವರ ಸ್ತನದ ಕ್ಯಾನ್ಸರ್ ಗಡ್ಡೆ ತೆಗೆದ ಡಾಕ್ಟರ್ "ಒಂದು ಕಡೆ ಮಾರ್ಜಿನ್ ಪಾಸಿಟಿವ್ ಬಂದಿದೆ" ಅಂದಾಗ ನನಗೆ ಕೈಕಾಲು ಆಡಲಿಲ್ಲ. ಗಡ್ಡೆಯ ಸುತ್ತ ಸೇರಿಸಿ ತೆಗೆಯುವ ಒಳ್ಳೆಯ ಭಾಗವೇ ಮಾರ್ಜಿನ್; ಪಾಸಿಟಿವ್ ಅಂದರೆ ತೆಗೆದ ತುಂಡಿನ ಅಂಚಿನಲ್ಲೇ ಕ್ಯಾನ್ಸರ್ ಇದೆ ಅಂತ. 30 ವರ್ಷದಿಂದ ಬ್ಲೌಸ್ ಹೊಲಿಯುವ ಚಿಕ್ಕಮ್ಮನಿಗೆ ಮಾರ್ಜಿನ್ ದಿನಾ ಬಾಯಲ್ಲಿರುವ ಮಾತು.

ಗಡ್ಡೆ ಕೈಗೆ ಸಿಗುವಂಥದ್ದಲ್ಲ, ಮ್ಯಾಮೊಗ್ರಾಂನಲ್ಲಿ ಕಂಡದ್ದು. ಆಪರೇಷನ್ ದಿನ ಬೆಳಿಗ್ಗೆ, ಜಾಗ ಗೊತ್ತಾಗಲಿ ಅಂತ ಅದರೊಳಗೆ ಸಪೂರ ತಂತಿ ಇಟ್ಟರು, ತುದಿಯಲ್ಲಿ ಗಾಳದಂಥ ಕೊಕ್ಕೆ. ತೆಗೆದ ತುಂಡಿಗೆ ಆಗಲೇ ಎಕ್ಸ್‌ರೇ ಮಾಡಿದರು. ಆಮೇಲೆ ನಮಗೂ ತೋರಿಸಿದರು. ಮಧ್ಯದಲ್ಲಿ ಬಿಳಿ ಗಡ್ಡೆ, ಪಕ್ಕದಲ್ಲಿ ರವೆ ಚೆಲ್ಲಿದ ಹಾಗೆ ಸುಣ್ಣದ ಚುಕ್ಕೆ, ಕೊಕ್ಕೆ. ಸುತ್ತ ಜಾಗ ಇತ್ತು. ಅವತ್ತು ರಾತ್ರಿ ನಾವೆಲ್ಲ ನೆಮ್ಮದಿಯಾಗಿ ಉಂಡೆವು.

ಎಕ್ಸ್‌ರೇಯದ್ದು ತಪ್ಪಲ್ಲ. ನಾಲ್ಕು ಕೋಶ ಅಂಚಿನವರೆಗೆ ಹೋಗಿದ್ದರೆ ಅದಕ್ಕೆ ಕಾಣುವುದಿಲ್ಲ, ಮೈಕ್ರೋಸ್ಕೋಪೇ ಬೇಕು. ಯಾವ ಬದಿ ಯಾವುದು ಅಂತ ತಿಳಿಯಲು ತುಂಡಿಗೆ ಎರಡು ನೂಲು ಕಟ್ಟಿರುತ್ತಾರೆ: ಮೇಲ್ಬದಿಗೆ ಗಿಡ್ಡ, ಹೊರಬದಿಗೆ ಉದ್ದ. ಲ್ಯಾಬಿನವರು ಒಂದೊಂದು ಬದಿಗೆ ಒಂದೊಂದು ಬಣ್ಣದ ಶಾಯಿ ಹಚ್ಚಿ, ತೆಳ್ಳಗೆ ಕೊಯ್ದು ನೋಡುತ್ತಾರೆ. ಕೆಳಬದಿಯ ನೀಲಿ ಶಾಯಿ ಕ್ಯಾನ್ಸರ್ ಕೋಶಕ್ಕೇ ತಾಗಿತ್ತು.

"ನಾವು ಬ್ಲೌಸಿಗೇ ಒಂದಿಂಚು ಬಿಡುವುದು. ನೀವು ಜಾಸ್ತಿ ಬಿಡ್ಬಹುದಿತ್ತಲ್ಲ?"

ಡಾಕ್ಟರ್ ಬೇಜಾರು ಮಾಡಿಕೊಳ್ಳಲಿಲ್ಲ. ಕುರ್ಚಿ ಎಳೆದು ಕೂತರು. ತುಂಬ ತೆಗೆದರೆ ಆಕಾರ ಹಾಳಾಗುತ್ತದೆ. ಈ ಬಗೆಯ ಕ್ಯಾನ್ಸರಿನಲ್ಲಿ ಗಡ್ಡೆಗೆ ಶಾಯಿ ತಾಗದಿದ್ದರೆ ಸಾಕು, ಅದಕ್ಕಿಂತ ಅಗಲ ಬಿಟ್ಟು ಹೆಚ್ಚಿನ ಲಾಭವಿಲ್ಲ ಅಂತ 2014ರಲ್ಲೇ ಅಮೆರಿಕದ ಸರ್ಜನ್‌ಗಳೂ ರೇಡಿಯೇಷನ್ ತಜ್ಞರೂ ಸೇರಿ ಹೇಳಿದ್ದಾರೆ. ಹಾಲಿನ ನಾಳದೊಳಗೇ ಇರುವ ಬಗೆಯಾದರೆ 2 ಮಿಲಿಮೀಟರ್ ಬೇಕು. ಕೆಳಬದಿಯಿಂದ ಇನ್ನೊಂದು ಚೂರು ತೆಗೆಯಬೇಕು, ಆಮೇಲೆ ರೇಡಿಯೇಷನ್. ಇಷ್ಟನ್ನು ನಿಧಾನಕ್ಕೆ ಹೇಳಿದರು. ಎಷ್ಟು ಜನ ಡಾಕ್ಟರ್ ಹೀಗೆ ಕೂತು ಹೇಳುತ್ತಾರೆ?

ಮನೆಗೆ ಬಂದರೆ ದೊಡ್ಡಪ್ಪ ಶುರು ಮಾಡಿದರು. "ಮೊದಲೇ ಸ್ತನ ಪೂರ್ತಿ ತೆಗೆಸಿದ್ದರೆ ಈ ರಗಳೆ ಇತ್ತಾ?" ನನಗೆ ಸಿಟ್ಟು ಬಂತು. ಪ್ರೀತಿಯಿಂದಲೇ ಹೇಳಿದ್ದು, ಆದರೆ ಮೈ ಯಾರದ್ದು? ಇಟಲಿಯಲ್ಲಿ ವೆರೊನೇಸಿ, ಅಮೆರಿಕದಲ್ಲಿ ಫಿಶರ್ ಎಂಬ ಸರ್ಜನ್‌ಗಳು, ಇಬ್ಬರ ತಂಡವೂ 20 ವರ್ಷ ನೋಡಿ 2002ರಲ್ಲಿ ಹೇಳಿದ್ದು ಒಂದೇ: ಸ್ತನ ಪೂರ್ತಿ ತೆಗೆದರೂ, ಗಡ್ಡೆಯ ಭಾಗ ಮಾತ್ರ ತೆಗೆದು ರೇಡಿಯೇಷನ್ ಕೊಟ್ಟರೂ, ಬದುಕುಳಿಯುವ ಲೆಕ್ಕದಲ್ಲಿ ಎರಡೂ ಸಮ. ದೊಡ್ಡಪ್ಪನಿಗೆ ಹೇಳಿದೆ. ಕೇಳಿಸಿಕೊಂಡರು, ಒಪ್ಪಲಿಲ್ಲ. ಹೆಂಗಸಿನ ಮೈಯಿಂದ ಎಷ್ಟು ತೆಗೆಯಬೇಕು ಅನ್ನುವುದಕ್ಕೆ ನಮ್ಮಲ್ಲಿ ಎಲ್ಲರ ಹತ್ತಿರವೂ ಒಂದು ಅಳತೆ ಇರುತ್ತದೆ. ಅವಳನ್ನು ಕೇಳುವುದು ಕೊನೆಗೆ.

ಚಿಕ್ಕಮ್ಮ ಡಾಕ್ಟರ ಹತ್ತಿರ ಮಾತ್ರ ಕೇಳಿದರು. "ಎಲ್ಲಿಂದ ತೆಗೆಯುವುದು ಅಂತ ಬರೆದು ತೋರಿಸಿ." ಡಾಕ್ಟರ್ ಚೀಟಿಯ ಹಿಂದೆ ಒಂದು ಉರುಟು, ಕೆಳಗೆ ಒಂದು ನೀಲಿ ಗೆರೆ ಎಳೆದುಕೊಟ್ಟರು.

ಆಪರೇಷನ್ ಗುರುವಾರ. ಚೀಟಿ ಗಿರಾಕಿಗಳ ಅಳತೆ ಬರೆಯುವ ಪುಸ್ತಕದಲ್ಲಿದೆ. ನಿನ್ನೆ ಮೂರು ಸಲ ತೆಗೆದು ನೋಡಿದರು.